ಕನ್ನಡ ಪತ್ರಿಕೆಯ ಮೊದಲಿಗರು: ಹರ್ಮನ್ ಮೊಗ್ಲಿಂಗರ ಜೀವನ ವೃತ್ತಾಂತ

ಪ್ರತಿವರ್ಷವೂ ಜುಲೈ 1ನೆಯ ತಾರೀಖು ಬಂದಿತೆಂದರೆ ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆಯು ಜರಗುತ್ತದೆ. ಹಾರ ತುರಾಯಿಗಳೂ ಭಾಷಣಗಳೂ ನಡೆದು ಮರುದಿನ ಚಿತ್ರಗಳು ಪ್ರಕಟವಾಗುತ್ತವೆ. ಆದರೆ ಆ ದಿನಕ್ಕೆ ಕಾರಣರಾದ ಮಹನೀಯರು ಯಾರು, ಎಲ್ಲಿಂದ ಬಂದರು, ಏನೇನನ್ನು ಅನುಭವಿಸಿದರು ಎಂದು ಕೇಳಿದರೆ, ಜರ್ಮನಿಯ ಒಬ್ಬ ಪಾದ್ರಿ ಎಂಬಷ್ಟಕ್ಕೇ ಉತ್ತರವು ಮುಗಿಯುತ್ತದೆ. ಆ ಪಾದ್ರಿಯ ಹೆಸರು ಹರ್ಮನ್ ಫ್ರೆಡರಿಕ್ ಮೊಗ್ಲಿಂಗ್.

ಘೋಟಿಯಲ್ಲಿಯೂ ನಾಸಿಕ, ಸಂಭಾಜಿನಗರಗಳಲ್ಲಿಯೂ ಹೋಟೆಲು ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ವಾಚಕರಿಗೆ ಈ ಪಾದ್ರಿಯ ಕಥೆ ಏತಕ್ಕೆ ಎಂದು ಕೆಲವರಾದರೂ ಕೇಳಬಹುದು. ಕಾರಣವಿದೆ. ಹುಟ್ಟಿದ ಊರನ್ನು ಬಿಟ್ಟು ಸಾವಿರಾರು ಮೈಲಿ ದೂರದಲ್ಲಿ, ಪರಭಾಷೆಯ ಜನರ ನಡುವೆ, ಇಪ್ಪತ್ತನಾಲ್ಕು ವರ್ಷಗಳಷ್ಟು ಬಾಳಿದವರು ಇವರು. ಊರಿನ ಸುದ್ದಿಗಾಗಿ ಕಾಗದದ ದಾರಿಯನ್ನು ಕಾಯುವುದು ಏನೆಂಬುದನ್ನು ನಮ್ಮಷ್ಟೇ ಚೆನ್ನಾಗಿ ಬಲ್ಲವರು. ನಾವು ಹುಡುಗರಾಗಿ ಈ ಊರಿಗೆ ಬಂದ ಕಾಲದಲ್ಲಿ ಮೊಬೈಲು ಎಂಬುದು ಇರಲಿಲ್ಲ. ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ, ಓದುಬರಹ ಅಷ್ಟಿಷ್ಟು ಬಲ್ಲವನೊಬ್ಬನು ಇನ್‌ಲ್ಯಾಂಡ್ ಪತ್ರವನ್ನು ಹಿಡಿದು ಕುಳಿತರೆ, ಅವನ ಸುತ್ತ ನಾಲ್ವರು ಮಾಣಿಗಳು ಸೇರಿ ತಮ್ಮ ತಮ್ಮ ಮನೆಗೆ ಬರೆಸುತ್ತಿದ್ದರು. ತಂಗಿಯ ಮದುವೆ ಎಲ್ಲಿಗೆ ಬಂತು, ಗದ್ದೆಯ ತಕರಾರು ಏನಾಯಿತು, ದೇವಸ್ಥಾನಕ್ಕೆ ಹೊಸ ಮೊಕ್ತೇಸರರು ಯಾರಾದರು, ಊರಲ್ಲಿ ಗಲಾಟೆಯಾಯಿತಂತೆ ನಿಜವೇ, ಇವೇ ವಿಷಯಗಳು. ಮೊಗ್ಲಿಂಗರ ಕಾಗದಗಳಲ್ಲಿಯೂ ಹೆಚ್ಚುಕಡಿಮೆ ಇವೇ ಇದ್ದವು. ಮೊಕ್ತೇಸರರ ಬದಲು ಪಾದ್ರಿಗಳ ನೇಮಕ ಎಂದು ಓದಿಕೊಂಡರೆ ಸಾಕು.

ಮೊಗ್ಲಿಂಗರು 1811ನೆಯ ಇಸವಿ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆಯವರು ಶಾಲೆಯ ಉಪಾಧ್ಯಾಯರು. ಅದೇ ವರ್ಷದ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ಅರಸನ ಮತಿಯು ಕೆಟ್ಟುದರಿಂದ ಅವನ ಮಗನು ರಾಜಪ್ರತಿನಿಧಿಯಾಗಿ ಅಧಿಕಾರ ವಹಿಸಿದ್ದನು. ಅಲ್ಲಿಂದ 1820ರವರೆಗಿನ ಕಾಲವನ್ನು ಇಂಗ್ಲಿಷರು ರಾಜಪ್ರತಿನಿಧಿಯ ಕಾಲವೆಂದೇ ಕರೆಯುತ್ತಾರೆ. ಒಂದು ಕಡೆ ನೆಪೋಲಿಯನ್ನನ ಯುದ್ಧ, ಇನ್ನೊಂದು ಕಡೆ ಹೊಟ್ಟೆಪಾಡಿಗೆ ಕುಂದು ಬಂದಿತೆಂದು ನೇಯ್ಗೆಯ ಯಂತ್ರಗಳನ್ನು ಒಡೆಯುತ್ತಿದ್ದ ಕೆಲಸಗಾರರು; ಇವೆರಡರ ನಡುವೆ ಸಾಮಾನ್ಯ ಸಂಸಾರಗಳ ಕಾಗದಗಳು ಮಾತ್ರ ಯಾರಿಗೆ ಮಗು ಹುಟ್ಟಿತು, ಯಾವ ಚರ್ಚಿಗೆ ಯಾರು ಪಾದ್ರಿಯಾದರು ಎಂಬುದನ್ನು ಹೊತ್ತು ಓಡಾಡುತ್ತಿದ್ದವು. ಆ ಕಾಲದ ಎರಡು ಸಂಗತಿಗಳು ನಮ್ಮ ಕಥೆಗೆ ಬೇಕು. 1813ರಲ್ಲಿ ಕಂಪೆನಿ ಸರಕಾರದ ಸನ್ನದು ಬದಲಾಗಿ ಪಾದ್ರಿಗಳು ಹಿಂದುಸ್ಥಾನಕ್ಕೆ ಬರಲು ದಾರಿಯಾಯಿತು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. ಇಂಗ್ಲಿಷರಲ್ಲದ ಪಾದ್ರಿಗಳಿಗೆ ಇಲ್ಲಿ ನೆಲೆಸಲು ಅವಕಾಶ ದೊರೆತದ್ದು 1833ರ ಸನ್ನದಿನಿಂದ. ಮರುವರ್ಷವೇ, ಎಂದರೆ 1834ರಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲಿನವರು ಮಂಗಳೂರಿಗೆ ಬಂದು ಬೀಡುಬಿಟ್ಟರು.

ಇತ್ತ ಮೊಗ್ಲಿಂಗರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದುತ್ತಿದ್ದರು. ಅಲ್ಲಿ ಓದಿ ಹೊರಬಿದ್ದವನಿಗೆ ಅಂದಿನ ದಿನಗಳಲ್ಲಿ ಜೀವನದ ಚಿಂತೆಯಿರಲಿಲ್ಲ. ಮೊದಲು ಸಹಾಯಕ ಪಾದ್ರಿ, ಕೆಲವು ವರ್ಷಗಳ ಮೇಲೆ ಒಂದು ಊರಿನ ಚರ್ಚು, ಅದರೊಂದಿಗೆ ಮನೆ, ಹಿತ್ತಿಲು, ಸಂಬಳ, ಊರವರ ಮರ್ಯಾದೆ, ಇವೆಲ್ಲವೂ ಸಾಲಾಗಿ ಬರುವಂಥವು. ನಮ್ಮಲ್ಲಿ ಸರಕಾರಿ ನೌಕರಿ ಸಿಕ್ಕಿದಂತೆಯೇ ಸರಿ. ಬಾಸೆಲ್ ಮಿಶನ್ನಿಗೆ ಸೇರುತ್ತಿದ್ದವರು ಬಹುಮಟ್ಟಿಗೆ ರೈತರ ಮಕ್ಕಳು, ಬಡಗಿಗಳು, ನೇಕಾರರು. ವಿಶ್ವವಿದ್ಯಾಲಯದ ಮೆಟ್ಟಲು ಹತ್ತಿದವರು ಅಪರೂಪ. ಅಂಥಲ್ಲಿ ಮೊಗ್ಲಿಂಗರು ಕೈಗೆ ಬರಲಿದ್ದ ಚರ್ಚನ್ನು ಬಿಟ್ಟು 1835ರಲ್ಲಿ ಬಾಸೆಲ್ಲಿಗೆ ಹೋಗಿ ಸೇರಿಕೊಂಡರು. 1836ರ ಕೊನೆಯಲ್ಲಿ ಮಂಗಳೂರನ್ನು ಮುಟ್ಟಿದರು. ಅವರಿಗೆ ಆಗ ಇಪ್ಪತ್ತೈದು ವರ್ಷ.

ಅವರ ಇಬ್ಬರು ಆಪ್ತರ ಹೆಸರನ್ನು ಇಲ್ಲಿಯೇ ಹೇಳಿಬಿಡುವುದು ಲೇಸು, ಮುಂದೆ ಮತ್ತೆ ಮತ್ತೆ ಬರುತ್ತವೆ. ಒಬ್ಬರು ಹರ್ಮನ್ ಗುಂಡರ್ಟ್. ಇವರೂ ಟ್ಯೂಬಿಂಗನ್ನಿನಲ್ಲಿ ಓದಿದವರು. ತಲಚೇರಿಯಲ್ಲಿ ನೆಲೆಸಿ ಮಲಯಾಳ ಭಾಷೆಗೆ ನಿಘಂಟನ್ನೂ ವ್ಯಾಕರಣವನ್ನೂ ಕೊಟ್ಟವರು. ನೊಬೆಲ್ ಬಹುಮಾನ ಪಡೆದ ಹರ್ಮನ್ ಹೆಸ್ಸೆ ಇವರ ಮಗಳ ಮಗ. ಇನ್ನೊಬ್ಬರು ಗಾಟ್‌ಫ್ರೀಡ್ ವೈಗ್ಲೆ. ಇವರು ಮೊಗ್ಲಿಂಗರ ದಾಯಾದಿ ಸಂಬಂಧದ ಸೋದರ. ಕನ್ನಡ ಬೈಬಲಿನ ತರ್ಜುಮೆಯಲ್ಲಿ ಆಯುಷ್ಯವನ್ನು ಸವೆಸಿದವರು. ಮೊಗ್ಲಿಂಗರು ತಂದೆತಾಯಿಗಳಿಗೂ ಗುಂಡರ್ಟರಿಗೂ ಬಾಸೆಲ್ಲಿನ ಸಮಿತಿಗೂ ಬರೆದ ಕಾಗದಗಳಿಂದಲೇ ಅವರ ಜೀವನವು ಇಂದು ನಮಗೆ ತಿಳಿಯುವಂತಾಗಿದೆ. ಆಫ್ರಿಕದ ತುದಿಯನ್ನು ಸುತ್ತಿ ಬರುವ ಹಡಗಿನಲ್ಲಿ ಒಂದು ಕಾಗದ ಹೋಗಲು ನಾಲ್ಕೈದು ತಿಂಗಳು, ಉತ್ತರ ಬರಲು ಮತ್ತಷ್ಟು. ಸುಯೆಜ್ ದಾರಿಯ ಟಪ್ಪಾಲು ಹತ್ತಿದ ಮೇಲೆ ಈ ಅವಧಿ ಕಡಿಮೆಯಾಯಿತಾದರೂ, ಮನೆಯಲ್ಲಿ ಹುಷಾರಿಲ್ಲವೆಂಬ ಸುದ್ದಿಯನ್ನು ಓದುವ ಹೊತ್ತಿಗೆ ಹುಷಾರಿಲ್ಲದವರು ಎದ್ದು ಓಡಾಡುತ್ತಿರುವರೋ ಮಣ್ಣಾಗಿರುವರೋ ತಿಳಿಯುವ ಹಾಗಿರಲಿಲ್ಲ.

ಮಂಗಳೂರಿಗೆ ಬಂದು ಐದಾರು ತಿಂಗಳೂ ತುಂಬಿರಲಿಲ್ಲ. ಊರಿಗೇ ಬೆಂಕಿ ಬಿದ್ದಿತು. 1837ರ ಏಪ್ರಿಲ್ ತಿಂಗಳ ಅಮರ ಸುಳ್ಯದ ದಂಗೆಯು ಅದು. ನಮ್ಮ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಎಂದು ಹೇಳುತ್ತಿದ್ದುದು ಇದನ್ನೇ. 1834ರಲ್ಲಿ ಕಂಪೆನಿಯವರು ಕೊಡಗಿನ ಅರಸನನ್ನು ಇಳಿಸಿ ಸೀಮೆಯನ್ನು ತಮ್ಮದಾಗಿಸಿಕೊಂಡಿದ್ದರು. ಅರಸನ ಕೈಕೆಳಗಿದ್ದ ಅಮರ ಸುಳ್ಯ, ಪುತ್ತೂರುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಭತ್ತವನ್ನೇ ಅಳೆದು ಕಂದಾಯ ಸಲ್ಲಿಸುತ್ತಿದ್ದ ರೈತನು ಇನ್ನು ಮೇಲೆ ರೊಕ್ಕದಲ್ಲಿಯೇ ಸಲ್ಲಿಸಬೇಕೆಂದಾಯಿತು. ರೊಕ್ಕಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕು. ಸಾಹುಕಾರನು ಹೇಳಿದ ದರಕ್ಕೆ ಭತ್ತವನ್ನು ಕೊಡಬೇಕು. ಉಪ್ಪು, ಹೊಗೆಸೊಪ್ಪುಗಳ ಮೇಲೂ ಸರಕಾರದ ಹಿಡಿತ. ಇದರಿಂದ ರೊಚ್ಚಿಗೆದ್ದ ಜನರು ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಮಂಗಳೂರಿಗೆ ನುಗ್ಗಿ, ಬಾವುಟಗುಡ್ಡದಲ್ಲಿ ತಮ್ಮ ಬಾವುಟವನ್ನೇರಿಸಿ, ಎರಡು ವಾರಗಳ ಹತ್ತಿರ ಹತ್ತಿರ ಪಟ್ಟಣವನ್ನು ಕೈಯಲ್ಲಿಟ್ಟುಕೊಂಡರು. ಕಣ್ಣಾನೂರಿನಿಂದ ದಂಡು ಬಂದ ಮೇಲೆ ದಂಗೆಯು ಅಡಗಿತು. ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಬಾವುಟಗುಡ್ಡದಲ್ಲಿ ರಾಮಯ್ಯಗೌಡರ ಪ್ರತಿಮೆಯನ್ನು 2022ರಲ್ಲಿ ಸ್ಥಾಪಿಸಿರುವುದನ್ನು ಊರಿಗೆ ಹೋಗಿಬಂದ ವಾಚಕರು ನೋಡಿರಬಹುದು.

ಭಾಷೆಯನ್ನು ಇನ್ನೂ ತೊದಲುತ್ತಿದ್ದ ಪಾದ್ರಿಗೆ ಇದು ದೊಡ್ಡ ಪಾಠವಾಗಿರಬೇಕು. ರಸ್ತೆಯಲ್ಲಿ ನೂರು ವದಂತಿಗಳು. ಯಾವುದು ಸತ್ಯ ಯಾವುದು ಸುಳ್ಳೆಂದು ತಿಳಿಸುವ ಒಂದು ಅಚ್ಚಿನ ಹಾಳೆಯೂ ಜನರ ಭಾಷೆಯಲ್ಲಿಲ್ಲ. ಆರು ವರ್ಷಗಳ ಮೇಲೆ ಅವರು ಪತ್ರಿಕೆಯನ್ನು ತೆಗೆದುದಕ್ಕೆ ಈ ದಂಗೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಂಥ ಏಪ್ರಿಲ್ ತಿಂಗಳನ್ನು ಕಂಡ ಊರಿನಲ್ಲಿ ಪತ್ರಿಕೆಯ ಬೆಲೆಯನ್ನು ತಿಳಿಯಲು ಹೆಚ್ಚಿನ ಬುದ್ಧಿಯೇನೂ ಬೇಕಾಗಿರಲಿಲ್ಲ.

ಮೊಗ್ಲಿಂಗರು ಕನ್ನಡವನ್ನು ಹಿಡಿದ ರೀತಿಯು ಆಶ್ಚರ್ಯಕರವಾದುದು. ಹುಡುಗರನ್ನು ಕೂಡಿಸಿ ಅವರೊಂದಿಗೆ ಒಂದೇ ಸೂರಿನಡಿಯಲ್ಲಿ ವಾಸಿಸಿ, ಅವರು ಉಂಡುದನ್ನು ಉಂಡು, ಬೆಳಗಿನಿಂದ ರಾತ್ರಿಯವರೆಗೆ ಕನ್ನಡದಲ್ಲಿಯೇ ವ್ಯವಹರಿಸಿದರು. ಪರವೂರಿನ ಭಾಷೆಯು ಪುಸ್ತಕದಿಂದ ಬರುವುದಕ್ಕಿಂತ ಪಂಕ್ತಿಯಲ್ಲಿ ಬೇಗ ಬರುತ್ತದೆ. ಗಿರಾಕಿಗಳ ನಡುವೆ ನಿಂತು ಮೂರು ತಿಂಗಳಲ್ಲಿ ಮರಾಠಿಯನ್ನು ಕಲಿತ ನಮ್ಮ ಸಪ್ಲಾಯರ್ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1838ರಲ್ಲಿ ಮಿಶನ್ನಿನವರು ಮಂಗಳೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದಾಗ ಊರಿನ ಒಳ್ಳೆಯ ಮನೆತನದ ಹುಡುಗರೂ ಬಂದು ಸೇರಿದರು. ಕಲೆಕ್ಟರ್ ಬ್ಲೇರ್ ಸಾಹೇಬರು 1840ರಲ್ಲಿ ಬಲ್ಮಠದ ಜಾಗವನ್ನು ಮಿಶನ್ನಿಗೆ ಕೊಟ್ಟರು.

1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯವು ಪ್ರಾರಂಭವಾಯಿತು. ನಾವು ಮಹಾರಾಷ್ಟ್ರದಲ್ಲಿರುವವರು ಹೆಮ್ಮೆಪಡಬೇಕಾದ ಒಂದು ಮಾತು ಇಲ್ಲಿದೆ. ವೈಗ್ಲೆಯವರು ಮುಂಬಯಿಗೆ ಹೋದಾಗ ಅಲ್ಲಿಂದ ಎರಡು ಕಲ್ಲಚ್ಚಿನ ಯಂತ್ರಗಳನ್ನೂ ಅವುಗಳನ್ನು ನಡೆಸಬಲ್ಲ ಮರಾಠಿ ಕೆಲಸಗಾರರನ್ನೂ ಕರೆತಂದರು. ಕಲ್ಲಚ್ಚೆಂದರೆ ಮೊಳೆಗಳನ್ನು ಜೋಡಿಸುವ ಕೆಲಸವಲ್ಲ. ವಿಶೇಷವಾದ ಮಸಿಯಿಂದ ಬರೆದ ಬರಹವನ್ನು ನಯವಾದ ಕಲ್ಲಿಗಿಳಿಸಿ, ಕಲ್ಲನ್ನು ಒದ್ದೆಮಾಡಿ ಮಸಿಯನ್ನು ಹಚ್ಚಿದರೆ, ಬರಹವಿದ್ದಲ್ಲಿ ಮಾತ್ರ ಮಸಿ ನಿಲ್ಲುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತುವುದು. ಹೀಗೆ ಕನ್ನಡದ ಮೊದಲ ಪತ್ರಿಕೆಗೆ ಬೇಕಾದ ಕಲ್ಲು ಮುಂಬಯಿಯಿಂದ ಹೋಯಿತು, ಅದನ್ನು ಒತ್ತಿದ ಕೈಗಳು ಮರಾಠಿ ಕೈಗಳು. ಇಂದು ಮರಾಠಿ ನಾಡಿನಲ್ಲಿ ಕನ್ನಡ ಪತ್ರಿಕೆಯನ್ನು ಅಚ್ಚುಹಾಕುವ ನಾವು ಹಳೆಯ ಸಾಲವನ್ನೇ ಮುಂದುವರಿಸಿದಂತಾಯಿತು.

1843ನೆಯ ಇಸವಿ ಜುಲೈ 1ರಂದು ಮಂಗಳೂರ ಸಮಾಚಾರದ ಮೊದಲ ಸಂಚಿಕೆಯು ಹೊರಬಿದ್ದಿತು. ಹದಿನೈದು ದಿನಗಳಿಗೊಮ್ಮೆ, ನಾಲ್ಕು ಪುಟಗಳು, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ಹೊಸ ಕಾನೂನುಗಳು, ಪರರಾಜ್ಯಗಳ ಸುದ್ದಿ, ಬುದ್ಧಿಮಾತುಗಳು, ಕಥೆಗಳು, ಇವುಗಳ ಜೊತೆಗೆ ಪುರಂದರದಾಸರ ಪದಗಳು. ಗಾಳಿಮಾತಿನಲ್ಲಿ ಹೊತ್ತು ಕಳೆಯುವ ಜನರಿಗೆ ನಿಜವಾದ ವರ್ತಮಾನ ಸಿಗಬೇಕೆಂಬುದು ಸಂಪಾದಕರ ಅಭಿಪ್ರಾಯವಾಗಿತ್ತು. ಪಾದ್ರಿಯ ಪತ್ರಿಕೆಯೆಂದರೆ ಬರಿಯ ಮತಬೋಧೆಯೇ ಇದ್ದಿರಬೇಕೆಂದು ಭಾವಿಸುವವರು ಆ ಸಂಚಿಕೆಗಳನ್ನು ನೋಡಿದರೆ ಬೆರಗಾಗುವರು. ಊರವರಿಗೆ ಏನು ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು. ಕನ್ನಡದಲ್ಲಿ ಪತ್ರವೆಂದರೆ ಕಾಗದ, ಪತ್ರಿಕೆಯೆಂದರೆ ಚಿಕ್ಕ ಕಾಗದ. ಒಬ್ಬನ ಮನೆಗೆ ಹೋಗುವ ಕಾಗದವನ್ನೇ ಊರಿಗೆಲ್ಲ ಬರೆದಂತೆ ಅವರ ಪತ್ರಿಕೆಯಿತ್ತು. ನಾಲ್ಕು ವರ್ಷಗಳ ಬಳಿಕ, 1847ರಲ್ಲಿ, ಗುಂಡರ್ಟರು ರಾಜ್ಯಸಮಾಚಾರಂ ಎಂಬ ಮೊದಲ ಮಲಯಾಳ ಪತ್ರಿಕೆಯನ್ನು ತಲಚೇರಿಯಲ್ಲಿ ಹೊರಡಿಸಿದರು.

ಈಗ ಈ ಜೀವನ ಚರಿತ್ರೆಯ ಅತ್ಯಂತ ಕಠಿಣವಾದ ಭಾಗಕ್ಕೆ ಬರುತ್ತೇವೆ. ಇದನ್ನು ಬಿಟ್ಟು ಬರೆದರೆ ಹೊಗಳಿಕೆಯಾದೀತು, ಚರಿತ್ರೆಯಾಗದು.

ಮೊಗ್ಲಿಂಗರ ಬಳಿ ಓದುತ್ತಿದ್ದವರಲ್ಲಿ ಆನಂದರಾಯ ಕೌಂಡಿನ್ಯ ಎಂಬ ಸಾರಸ್ವತ ತರುಣನೊಬ್ಬನಿದ್ದನು. ಮಂಗಳೂರಿನ ಪ್ರತಿಷ್ಠಿತ ಮನೆತನ, ವಯಸ್ಸು ಹತ್ತೊಂಬತ್ತು ತುಂಬಿರಲಿಲ್ಲ, ಮದುವೆಯೂ ಆಗಿತ್ತು. 1844ರ ಜನವರಿ 6ರಂದು ಈತನೂ ಇನ್ನಿಬ್ಬರು ಬ್ರಾಹ್ಮಣ ತರುಣರೂ ಕ್ರೈಸ್ತಮತವನ್ನು ಸ್ವೀಕರಿಸಿದರು. ಗುರುವಿನ ಹೆಸರನ್ನೇ ತನಗಿಟ್ಟುಕೊಂಡು ಆತನು ಹರ್ಮನ್ ಆನಂದರಾಯನಾದನು. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಮಕ್ಕಳನ್ನು ಓದಲು ಕಳುಹಿಸಿದ ತಂದೆತಾಯಿಗಳು ತಾವು ಮೋಸಹೋದೆವೆಂದು ತಿಳಿದರು. ಆ ತರುಣನ ಹೆಂಡತಿಯು ತನ್ನ ಬಂಧುಗಳಲ್ಲಿಯೇ ಉಳಿದಳು, ಗಂಡನನ್ನು ಸೇರಲಿಲ್ಲ.

ಈ ಹೆಣ್ಣುಮಗಳು ಬರೆದ ಕಾಗದ ಯಾವುದೂ ನಮ್ಮ ಕೈಗೆ ಬಂದಿಲ್ಲ. ಪಾದ್ರಿಗಳ ಕಡೆಯ ಕಥೆಯು ಪುಸ್ತಕಗಳಲ್ಲಿದೆ. ಅತ್ತೆಮಾವಂದಿರ, ತಂದೆತಾಯಿಗಳ ಕಡೆಯ ಕಥೆಯು ಅವರೊಂದಿಗೇ ಹೋಯಿತು. ಮೊಗ್ಲಿಂಗರು ತಮ್ಮ ತಂದೆತಾಯಿಗಳಿಂದ ದೂರವಿದ್ದು ಕಾಗದಕ್ಕಾಗಿ ಹಂಬಲಿಸಿದವರು. ಅಂಥವರು ಒಂದೇ ಊರಿನಲ್ಲಿ, ಕೂಗಳತೆಯ ದೂರದಲ್ಲಿ, ಒಬ್ಬ ಮಗನು ತನ್ನ ಮನೆಗೆ ಇಲ್ಲವಾದುದನ್ನು ಹೇಗೆ ಕಂಡರು? ಆತ್ಮದ ಉದ್ಧಾರಕ್ಕಾಗಿ ಇದು ತೆರಬೇಕಾದ ಬೆಲೆಯೆಂದು ಅವರ ನಂಬಿಕೆ. ಆನಂದರಾಯನು ಸ್ವಬುದ್ಧಿಯಿಂದಲೇ ಹೋದನು, ಮುಂದೆ ಐವತ್ತು ವರ್ಷಗಳ ಕಾಲ ಅದೇ ದಾರಿಯಲ್ಲಿ ನಡೆದನು ಎಂಬುದೂ ಸತ್ಯವೇ. ಆದರೂ ಆ ಮನೆಯ ದುಃಖವನ್ನು ನಾವು ಲೆಕ್ಕದಿಂದ ಬಿಡಲಾರೆವು. ಪರವೂರಿಗೆ ಹೋದ ಮಗನು ಕಾಗದ ಬರೆಯುವುದನ್ನು ನಿಲ್ಲಿಸಿಬಿಟ್ಟ ಮನೆಗಳನ್ನು ನಾವು ಕಂಡಿದ್ದೇವೆ.

ಅದೇ 1844ರ ಮಾರ್ಚ್ ತಿಂಗಳಿನಿಂದ ಪತ್ರಿಕೆಯು ಮಂಗಳೂರನ್ನು ಬಿಟ್ಟು ಬಳ್ಳಾರಿಗೆ ಹೋಯಿತು. ಹೆಚ್ಚು ಪ್ರತಿಗಳು ಬೇಕಾಗಿದ್ದವು. ಕಲ್ಲಚ್ಚಿನಿಂದ ಅದು ಆಗುವಂತಿರಲಿಲ್ಲ. ಬಳ್ಳಾರಿಯ ಲಂಡನ್ ಮಿಶನ್ನಿನವರಲ್ಲಿ ಮೊಳೆಯಚ್ಚಿನ ಮುದ್ರಣಾಲಯವಿತ್ತು. ಹೆಸರೂ ಕನ್ನಡ ಸಮಾಚಾರವೆಂದಾಯಿತು. ಆದರೆ ಅಲ್ಲಿ ಅದು ಹೆಚ್ಚು ಕಾಲ ಬದುಕಲಿಲ್ಲ. ಮನೆಯಲ್ಲಿ ತಯಾರಾಗುತ್ತಿದ್ದ ಅಡಿಗೆಯನ್ನು ದೂರದ ಊರಿನ ದೊಡ್ಡ ಒಲೆಗೆ ಕಳುಹಿಸಿದರೆ ಆಗುವುದೇ ಅದಕ್ಕೂ ಆಗಿರಬೇಕು. ಹೀಗೆ ಕನ್ನಡದ ಮೊದಲ ಪತ್ರಿಕೆಯ ಆಯುಷ್ಯವು ಒಂದು ವರ್ಷವನ್ನೂ ಮುಟ್ಟಲಿಲ್ಲ. ಪತ್ರಿಕೆಯನ್ನು ನಡೆಸುವುದಕ್ಕಿಂತ ಹೋಟೆಲು ನಡೆಸುವುದು ಸುಲಭವೆಂದು ನಮಗೆ ಹಿತ ಹೇಳುವ ಮಿತ್ರರಿಗೆ ಈ ಸಂಗತಿಯನ್ನು ನಾವೇ ನೆನಪುಮಾಡಿಕೊಡುವುದುಂಟು.

1846ರಲ್ಲಿ ಮೊಗ್ಲಿಂಗರು ಯುರೋಪಿನಲ್ಲಿದ್ದರು. ಆನಂದರಾಯನನ್ನೂ ತಮ್ಮೊಂದಿಗೆ ಕರೆದೊಯ್ದಿದ್ದರು. ಆತನು ಬಾಸೆಲ್ಲಿನಲ್ಲಿ ಐದು ವರ್ಷ ಓದಿ 1851ರಲ್ಲಿ ಪಾದ್ರಿದೀಕ್ಷೆಯನ್ನು ಪಡೆದು ಊರಿಗೆ ಮರಳಿದನು. ಮೊಗ್ಲಿಂಗರು ಅದಕ್ಕೆ ಮುಂಚೆಯೇ ಬಂದಿದ್ದರು. 1847ರಲ್ಲಿ ಬಲ್ಮಠದಲ್ಲಿ ಉಪದೇಶಕರ ಶಿಕ್ಷಣಶಾಲೆಯು ತೆರೆದಾಗ ಅದರ ಮುಖ್ಯಸ್ಥರಾದರು.

ಇನ್ನು ಕನ್ನಡಿಗರೆಲ್ಲರೂ ತಲೆಬಾಗಬೇಕಾದ ಕೆಲಸವನ್ನು ಹೇಳುತ್ತೇವೆ. 1848ರಿಂದ ಕೆಲವು ವರ್ಷಗಳ ಕಾಲ ಮೊಗ್ಲಿಂಗರು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಹೊರತಂದರು. ಅದರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ ಮೊದಲಾದವು ಅಚ್ಚಾದವು. ಅದುವರೆಗೆ ಈ ಕಾವ್ಯಗಳು ಓಲೆಗರಿಯಲ್ಲಿಯೂ ಕಡತದಲ್ಲಿಯೂ ಇದ್ದು, ಮಠಗಳಲ್ಲಿ, ಗಮಕಿಗಳ ಮನೆಗಳಲ್ಲಿ, ಅಟ್ಟಗಳ ಮೇಲೆ ಗೆದ್ದಲಿಗೆ ಹೆದರಿಕೊಂಡು ಬದುಕುತ್ತಿದ್ದವು. ಪ್ರತಿಗಳನ್ನು ಹುಡುಕಿ ತರಿಸಿ, ಬರೆಸಿ, ಒಂದಕ್ಕೊಂದು ಹೋಲಿಸಿ ನೋಡಿ ಕಲ್ಲಚ್ಚಿಗೆ ಹಾಕುವುದೆಂದರೆ ಕಡಿಮೆಯ ಶ್ರಮವಲ್ಲ, ಕಡಿಮೆಯ ಖರ್ಚೂ ಅಲ್ಲ. ಖರ್ಚಿನ ಭಾರವನ್ನು ಕಸಮೇಜರ್ ಎಂಬ ಆಂಗ್ಲ ಅಧಿಕಾರಿಯು ಹೊತ್ತನು. 1850ರಲ್ಲಿ ದಾಸರ ಪದಗಳ ಸಂಗ್ರಹವೂ ಪ್ರಕಟವಾಯಿತು. ಬಾಯಿಂದ ಬಾಯಿಗೆ, ತಂಬೂರಿಯಿಂದ ತಂಬೂರಿಗೆ ಬಂದ ಹರಿದಾಸರ ಹಾಡುಗಳು ಪುಸ್ತಕದ ರೂಪವನ್ನು ಕಂಡದ್ದು ಆಗಲೇ. ಕನ್ನಡದ ಗಾದೆಗಳನ್ನೂ ಕೂಡಿಸಿ ಅಚ್ಚುಹಾಕಿಸಿದರು. ದಾಸರ ಪದಗಳಲ್ಲಿ ಕೆಲವನ್ನು ಮುಂದೆ ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪಂಡಿತರ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಲ್ಲೊಂದು ಪ್ರಶ್ನೆಯು ಏಳುತ್ತದೆ. ಜಾತಿ ವಿಚಾರಣೆ, ದೇವ ವಿಚಾರಣೆ ಮುಂತಾದ ಕಿರುಪುಸ್ತಕಗಳಲ್ಲಿ ಹಿಂದೂ ಮತಾಚಾರಗಳನ್ನು ಕಟುವಾಗಿ ಖಂಡಿಸಿದ ಕೈಯೇ ಬಸವಪುರಾಣವನ್ನೂ ಹರಿದಾಸರನ್ನೂ ಅಚ್ಚಿಗೆ ಕೊಟ್ಟದ್ದು ಹೇಗೆ? ಈ ಜನರ ಮನಸ್ಸನ್ನು ತಿಳಿಯಲು ಇವರ ಪುಸ್ತಕಗಳನ್ನು ಓದಬೇಕೆಂದು ಪಾದ್ರಿಗಳು ಓದಿದರು ಎಂದು ಕೆಲವರು ಹೇಳುತ್ತಾರೆ. ಮೊದಲು ಹಾಗೆಯೇ ಇದ್ದಿರಬಹುದು. ಆದರೆ ಜೈಮಿನಿಯನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದವನಿಗೆ ಅದರ ರುಚಿ ಹತ್ತದೆ ಇರಲಾರದು. ಕೇವಲ ವಾದಕ್ಕಾಗಿ ಓದುವವನು ಪಾಠಗಳನ್ನು ಸೂಕ್ಷ್ಮವಾಗಿ ತಿದ್ದುತ್ತ ಕುಳ್ಳಿರುವುದಿಲ್ಲ. ಮೊಗ್ಲಿಂಗರಿಗೆ ಕನ್ನಡವು ಪ್ರಿಯವಾಗಿತ್ತು ಎಂಬುದೇ ನಮ್ಮ ಅಭಿಪ್ರಾಯ. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಈ ಕಾರ್ಯಕ್ಕಾಗಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಇಷ್ಟಾದರೂ ಅವರಿಗೆ ಸ್ವಂತದ ಮನೆಯೆಂಬುದಿರಲಿಲ್ಲ. ಬಾಸೆಲ್ಲಿನ ಪದ್ಧತಿಯಲ್ಲಿ ಮಿಶನರಿಯು ಮದುವೆಯಾಗಬೇಕಾದರೆ ಸಮಿತಿಯ ಅಪ್ಪಣೆ ಬೇಕು. ಅಪ್ಪಣೆ ದೊರೆತ ಮೇಲೆ ವಧುವು ಯುರೋಪಿನಿಂದ ಹಡಗಿನಲ್ಲಿ ಬರಬೇಕು. ಎಷ್ಟೋ ವಧೂವರರು ಒಬ್ಬರ ಮುಖವನ್ನೊಬ್ಬರು ಬಂದರದಲ್ಲಿಯೇ ನೋಡಿದರು. ಮೊಗ್ಲಿಂಗರು ನಲವತ್ತು ದಾಟಿದರೂ ಒಬ್ಬಂಟಿಗರಾಗಿಯೇ ಇದ್ದರು. ಬೇರೆಯವರ ಮನೆಯ ಮದುವೆ, ಹೆರಿಗೆ, ಸಾವುಗಳ ಸುದ್ದಿ ಇವರ ಕಾಗದಗಳಲ್ಲಿ ಹೋಗುತ್ತಿತ್ತು.

ಹೊಸ ದಾರಿಯೊಂದು ಕಾಣಿಸಿದ್ದು ಅನಿರೀಕ್ಷಿತವಾಗಿ. ಕೊಡಗಿನ ಆಲಮಂಡ ಮನೆತನದ ಸೋಮಯ್ಯನೆಂಬವನು ಮಂಗಳೂರಿಗೆ ಬಂದು ಕ್ರೈಸ್ತನಾದನು. ಮನೆಯವರು ಅವನನ್ನು ಹೊರಗಿಟ್ಟರು. ಅವನನ್ನು ಒಂಟಿಯಾಗಿ ಬಿಡಲಾರದೆ ಮೊಗ್ಲಿಂಗರು 1853ರಲ್ಲಿ ಕೊಡಗಿಗೆ ಹೋಗಿ ಅಲ್ಲಿಯೇ ನೆಲೆಸಿದರು. ಬೆಟ್ಟ, ಮಳೆ, ಕೊಡವರ ಐನ್‌ಮನೆಗಳು, ಅರಸರ ಕಾಲದ ಕಥೆಗಳು, ಇವೆಲ್ಲವೂ ಅವರಲ್ಲಿದ್ದ ಬರಹಗಾರನನ್ನು ಮತ್ತೆ ಎಬ್ಬಿಸಿದವು. 1855ರಲ್ಲಿ ಕೊಡಗಿನ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ದೊಡ್ಡವೀರರಾಜೇಂದ್ರನ ಕಾಲದಲ್ಲಿ ರಚಿತವಾದ ರಾಜೇಂದ್ರನಾಮೆ ಎಂಬ ಕನ್ನಡ ಬಖೈರನ್ನು 1857ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಕೊಡಗಿನ ಚರಿತ್ರೆಯನ್ನು ಬರೆಯುವವರಿಗೆ ಇಂದಿಗೂ ಇವೆರಡರ ಅವಶ್ಯಕತೆ ತಪ್ಪಿಲ್ಲ. ಕಂಪೆನಿ ಸರಕಾರದ ಕಣ್ಣಿನಿಂದ ಅವರು ಕಂಡ ಸಂಗತಿಗಳು ಇವೆ ಎಂಬುದನ್ನು ಓದುವವನು ಮರೆಯಬಾರದು; ಸೋತ ಅರಸನ ಪರವಾಗಿ ಮಾತಾಡುವವರು ಆ ಪುಸ್ತಕದಲ್ಲಿ ಸಿಗುವುದಿಲ್ಲ.

1855ರ ಜೂನ್ ತಿಂಗಳಲ್ಲಿ ವೈಗ್ಲೆಯವರು ಮಂಗಳೂರಿನಲ್ಲಿ ತೀರಿಕೊಂಡರು. ಒಂದೇ ವಂಶದ ಸೋದರ, ಒಂದೇ ಕೆಲಸದ ಜೊತೆಗಾರ, ಮುಂಬಯಿಯಿಂದ ಕಲ್ಲನ್ನು ತಂದವರು ಹೋದರು. ಹೆಂಡತಿ ಪೌಲೀನಾ ಅವರೂ ಮಕ್ಕಳೂ ಪರದೇಶದಲ್ಲಿ ದಿಕ್ಕಿಲ್ಲದಂತಾದರು. ಮುಂದೆ ಮೊಗ್ಲಿಂಗರು ಪೌಲೀನಾ ಅವರನ್ನೇ ವಿವಾಹವಾಗಿ, ಆ ಮಕ್ಕಳಿಗೆ ತಂದೆಯಾದರು. ವಿಧವಾ ವಿವಾಹವು ಅವರ ಸಮಾಜದಲ್ಲಿ ನಿಷಿದ್ಧವಲ್ಲವಾದರೂ, ನಲವತ್ತೈದರ ವಯಸ್ಸಿನಲ್ಲಿ ತುಂಬಿದ ಸಂಸಾರವನ್ನು ಒಮ್ಮೆಲೇ ಹೆಗಲಿಗೇರಿಸಿಕೊಳ್ಳುವುದು ಸಣ್ಣ ಮಾತಲ್ಲ. ಅದೇ ವರ್ಷಗಳಲ್ಲಿ ನಮ್ಮ ದೇಶದಲ್ಲಿ ವಿದ್ಯಾಸಾಗರರ ಪ್ರಯತ್ನದಿಂದ 1856ರ ವಿಧವಾ ವಿವಾಹದ ಕಾನೂನು ಬಂದುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು.

ಕೊಡಗಿನ ಗದ್ದೆಗಳಲ್ಲಿ ತಲೆತಲಾಂತರಗಳಿಂದ ಜೀತ ದುಡಿಯುತ್ತಿದ್ದ ದಲಿತ ಜನರಿದ್ದರು. ಅರಸರ ಕಾಲದಲ್ಲಿ ಅವರನ್ನು ಭೂಮಿಯೊಂದಿಗೆ ಎಣಿಸುತ್ತಿದ್ದರು. ಅವರಲ್ಲಿ ಕೆಲವರು ಮೊಗ್ಲಿಂಗರ ಆಶ್ರಯಕ್ಕೆ ಬಂದಾಗ, ಅವರಿಗಾಗಿ 1850ರ ದಶಕದ ಕೊನೆಯ ಭಾಗದಲ್ಲಿ ಒಂದು ಹಳ್ಳಿಯನ್ನೇ ಕಟ್ಟಲಾಯಿತು. ಅದಕ್ಕೆ ಆನಂದಪುರವೆಂದು ಹೆಸರು. ಆನಂದರಾಯ ಕೌಂಡಿನ್ಯರ ಹಣದಿಂದ ಭೂಮಿಯನ್ನು ಕೊಂಡುದರಿಂದ ಅವರ ಹೆಸರೇ ಊರಿಗೆ ಬಂದಿತು. ಹುಟ್ಟಿದ ಮನೆಯಿಂದ ಹೊರಗಾದವನ ಹೆಸರಿನಲ್ಲಿ, ಮನೆಯೇ ಇಲ್ಲದವರಿಗೆ ಮನೆಗಳಾದವು. ನಾಸಿಕದ ವಾಚಕರು ದಿನವೂ ಓಡಾಡುವ ಶರಣಪುರ ರಸ್ತೆಯ ಹೆಸರಿನ ಮೂಲವೂ ಇಂಥದೇ. ಇಂಗ್ಲಿಷ್ ಮಿಶನ್ನಿನವರು ಅದೇ ದಶಕದಲ್ಲಿ ನಾಸಿಕದ ಹೊರಗೆ ಶರಣಪುರವೆಂಬ ಕ್ರೈಸ್ತ ಹಳ್ಳಿಯನ್ನು ಕಟ್ಟಿದರು. ಆನಂದಪುರವು ಕೊಡಗಿನಲ್ಲಿ ಇಂದಿಗೂ ಇದೆ.

ಆ ಆನಂದಪುರಕ್ಕೆ ಬಂದು ಮೊಗ್ಲಿಂಗರ ಬಳಿ ಕನ್ನಡದ ಮರ್ಮವನ್ನು ತಿಳಿದುಕೊಂಡವರಲ್ಲಿ 1853ರಲ್ಲಿ ಹಿಂದುಸ್ಥಾನಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಎಂಬ ತರುಣ ಪಾದ್ರಿಯೂ ಒಬ್ಬರು. ಇವರ ಹೆಸರನ್ನು ಕೇಳದ ಕನ್ನಡಿಗನಿಲ್ಲ.

1860ರಲ್ಲಿ ಪೌಲೀನಾ ಅವರ ಆರೋಗ್ಯವು ಕೆಟ್ಟುದರಿಂದ ಮೊಗ್ಲಿಂಗರು ಕೊಡಗನ್ನು ಬಿಟ್ಟು ಜರ್ಮನಿಗೆ ಹೊರಟರು. ಹೆಂಡತಿ ಗುಣಮುಖಳಾದ ಮೇಲೆ ಬರಬಹುದೆಂಬ ಆಸೆ ಇದ್ದೇ ಇದ್ದೀತು. ಊರಿಗೆ ಹೋಗುವವರೆಲ್ಲರೂ ಬೇಗನೆ ಬರುತ್ತೇನೆಂದೇ ಹೇಳಿ ಹೋಗುವುದು. ಅವರು ಮತ್ತೆ ಬರಲಿಲ್ಲ. ಅದೇ 1860ರಲ್ಲಿ ಆನಂದರಾಯ ಕೌಂಡಿನ್ಯರು ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವಿವಾಹವಾದರು. ಹೀಗೆ ಗುರುವು ಪಶ್ಚಿಮಕ್ಕೆ ಮರಳುವ ವರ್ಷದಲ್ಲಿಯೇ ಪಶ್ಚಿಮದ ಕನ್ಯೆಯೊಬ್ಬಳು ಶಿಷ್ಯನ ಮನೆಯನ್ನು ತುಂಬಿದಳು.

ಜರ್ಮನಿಯಲ್ಲಿ ಮೊಗ್ಲಿಂಗರು ಮಿಶನ್ನಿನ ಕಾರ್ಯಕ್ಕಾಗಿ ಊರೂರು ತಿರುಗಿ ಉಪನ್ಯಾಸ ಮಾಡಿದರು. 1866ರಲ್ಲಿ ಕೊಡಗಿನ ವಿಷಯವಾಗಿ ಜರ್ಮನ್ ಭಾಷೆಯಲ್ಲಿ ಇನ್ನೊಂದು ಗ್ರಂಥವನ್ನು ಇನ್ನೊಬ್ಬರೊಂದಿಗೆ ಕೂಡಿ ಹೊರತಂದರು. ಕನ್ನಡಕ್ಕೊಂದು ದೊಡ್ಡ ನಿಘಂಟು ಆಗಲೇಬೇಕೆಂಬ ಹಟವನ್ನು ಮಾತ್ರ ಅವರು ಅಲ್ಲಿಯೂ ಬಿಡಲಿಲ್ಲ. ಆ ಭಾರವು ಕೊನೆಗೆ ಕಿಟೆಲರ ಹೆಗಲಿಗೆ ಬಿದ್ದಿತು. ಮೊಗ್ಲಿಂಗರು 1881ನೆಯ ಇಸವಿ ಮೇ 10ರಂದು ಎಸ್ಲಿಂಗನ್ ಎಂಬಲ್ಲಿ ತೀರಿಕೊಂಡರು. ಎಪ್ಪತ್ತು ತುಂಬಲು ಹತ್ತೊಂಬತ್ತು ದಿನಗಳಿದ್ದವು.

ಆ ವೇಳೆಗೆ ಗುಂಡರ್ಟರೂ ತಲಚೇರಿಯನ್ನು ಬಿಟ್ಟು ಜರ್ಮನಿಗೆ ಮರಳಿ ಇಪ್ಪತ್ತು ವರ್ಷಗಳು ಮೀರಿದ್ದವು. ಗೆಳೆಯನ ಕಾಗದಗಳನ್ನು ಮುಂದಿಟ್ಟುಕೊಂಡು ಅವರು 1882ರಲ್ಲಿ ಮೊಗ್ಲಿಂಗರ ಜೀವನ ಚರಿತ್ರೆಯನ್ನು ಪ್ರಕಟಿಸಿದರು. ಆನಂದರಾಯ ಕೌಂಡಿನ್ಯರು 1893ರವರೆಗೆ ಬಾಳಿದರು. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಮುಂಬಯಿಯಿಂದ ಎರಡು ಕಲ್ಲುಗಳು ಬಂದಿಳಿದದ್ದು ಅದೇ ಮುದ್ರಣಾಲಯಕ್ಕೆ, ಅದಕ್ಕೆ ಐವತ್ತುಮೂರು ವರ್ಷಗಳ ಹಿಂದೆ.